ಆಶಪ್ಪಣ್ಣನ ಊಟದ ಪ್ರಶ್ನೆ

ನನ್ನ ಹೆಸರು ಮಾರ್ಕಂಡೇಯ. ಪುರಾಣದ ಮಾರ್ಕಂಡೇಯ ಯಮನನ್ನು ಕಂಡ ಕೂಡಲೇ ಶಿವಲಿಂಗವನ್ನು ಅಪ್ಪಿಕೊಂಡನಂತೆ. ನಾನು ಅಂಥ ಹೊತ್ತಿನಲ್ಲಿ ಹತ್ತಿರ ಏನು ಸಿಗುತ್ತದೋ ಅದನ್ನು ಅಪ್ಪಿಕೊಳ್ಳುವವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಟ್ಕೂರಿನ ಕಡೆ ಒಂದು ಮೇವಿನ ಬಣವೆಗೆ ಬೆಂಕಿ ಬಿದ್ದಾಗ ನಾನು ಅಪ್ಪಿಕೊಂಡದ್ದು ನಮ್ಮ ಡ್ರೈವರ್ ಪೆದ್ದಪ್ಪನನ್ನು. ಪೆದ್ದಪ್ಪನ ಸುತ್ತಳತೆ ದೊಡ್ಡದು, ನನ್ನ ಎರಡು ಕೈ ಸೇರಲಿಲ್ಲ. ಅವನು ಮಾತ್ರ ಶಾಂತವಾಗಿ, "ಬಿಡಲೇ, ಬ್ರೇಕ್ ಹಾಕಾಕ ಕಾಲು ಎತ್ತಾಕ ಬರವಲ್ದು" ಅಂದ.

ಹೌದು, ನಾನು ಬೆಂಕಿ ಆರಿಸುವ ದಳದವನು, ಫೈರ್‌ಮನ್. ನಾರಾಯಣಪೇಟೆಯ ನೇಕಾರರ ಮನೆಯಲ್ಲಿ ಹುಟ್ಟಿದೆ. ಮಗ್ಗದ ಮುಂದೆ ಕೂತರೆ ಎಳೆ ಕಡಿಯುತ್ತಿದ್ದೆ. ಕಡಿದ ಎಳೆ ಕಟ್ಟಿ ಕಟ್ಟಿ ಬೇಸತ್ತ ನಮ್ಮಪ್ಪ, ಸೀರೆಗೆ ದಕ್ಕದವನು ಸರಕಾರಕ್ಕಾದರೂ ದಕ್ಕಲಿ ಎಂದು ಅರ್ಜಿ ಹಾಕಿಸಿದ. ಓಟದ ಪರೀಕ್ಷೆಯಲ್ಲಿ ನಾನು ಪಾಸಾದದ್ದರ ಪುಣ್ಯ ಆ ಮೈದಾನದ ಕಂದು ನಾಯಿಗೆ ಸೇರಬೇಕು. ಅದು ನನ್ನ ಹಿಂದೆ ಓಡಿತು, ನಾನು ಎಲ್ಲರ ಮುಂದೆ ಓಡಿದೆ. ಹೀಗೆ ಮಕ್ತಲದ ಸ್ಟೇಷನ್ನಿಗೆ ಬಂದು ಬಿದ್ದೆ, ಆಶಪ್ಪಣ್ಣನ ಕೈಕೆಳಗೆ.

ಆಶಪ್ಪಣ್ಣ ನಮ್ಮ ತಂಡದ ಮುಂದಾಳು. ಕಾಗದದಲ್ಲಿ ಅವರ ಹುದ್ದೆ ಲೀಡಿಂಗ್ ಫೈರ್‌ಮನ್. ಹಾಲುಮತದವರು, ಅಂದರೆ ಕುರಿ ಕಾಯುವ ಮನೆಯವರು. ಹುಡುಗಾಟದ ವಯಸ್ಸಿನಲ್ಲಿ ಮಿಲಿಟರಿಗೆ ಸೇರಿ, ಹಿಮದಲ್ಲಿ ವರ್ಷಗಟ್ಟಲೆ ನಿಂತು, ತಿರುಗಿ ಬಂದು ಬೆಂಕಿಯ ಕೆಲಸ ಹಿಡಿದವರು. "ಅಲ್ಲಿ ಬಾಳ ಥಂಡಿ ಆಗಿತ್ತು, ಅದಕ್ಕ ಬೆಚ್ಚಗಿನ ನೌಕರಿ ನೋಡಿದೆ" ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಅವರು ಮಿಲಿಟರಿಗೆ ಹೊರಟ ದಿನ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ತಡವಾಗಿ ಹೊರಟಿತಂತೆ. ತಮ್ಮನನ್ನು ಕಳಿಸಲು ಬಂದ ಅಣ್ಣ ಆದೆಪ್ಪ ಕುರಿಗಳನ್ನು ಬಿಟ್ಟು ಬರಲು ಮನಸ್ಸಿಲ್ಲದೆ ಹಿಂಡನ್ನೂ ಹೊಡೆದುಕೊಂಡು ಬಂದಿದ್ದ. ಹಿಂಡು ಪ್ಲಾಟ್‌ಫಾರಂ ಏರಿತು. ಸ್ಟೇಷನ್ ಮಾಸ್ತರರು ಹಸಿರು ಬಾವುಟ ತೋರಿಸಿದರೆ ಒಂದು ಟಗರು ಅದನ್ನು ಸೊಪ್ಪು ಎಂದುಕೊಂಡು ಬಾಯಿ ಹಾಕಿತು. ಬಾವುಟದ ಭಾಗ ಪೆದ್ದಪ್ಪ ಸೇರಿಸಿದ್ದು ಎಂದು ನನ್ನ ಗುಮಾನಿ. ಅಣ್ಣ ತಮ್ಮನನ್ನು ಕಳಿಸಲು ಹಿಂಡು ಸಮೇತ ಬಂದದ್ದು ಖರೆ.

ಆಶಪ್ಪಣ್ಣನ ಕೆಲಸದ ರೀತಿ ನೀವು ಎಲ್ಲೂ ಕಂಡಿರಲಿಕ್ಕಿಲ್ಲ. ಫೋನು ಬಂದು, ಗಂಟೆ ಬಾರಿಸಿ, ನಾವೆಲ್ಲ ದಡಬಡ ಓಡಿ ಬಂಡಿ ಹತ್ತಿದರೆ, ಈ ಮನುಷ್ಯ ಕೊನೆಯಲ್ಲಿ ನಡೆದು ಬಂದು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಬಂಡಿ ಗೇಟು ದಾಟಿದ ಮೇಲೆ ಹಿಂದಕ್ಕೆ ತಿರುಗಿ ಒಬ್ಬೊಬ್ಬರನ್ನೇ ಕೇಳುತ್ತಾರೆ:

"ಇವತ್ತು ಏನು ಉಂಡಿ?"

ಮೊದಲು ನಾನು ಇದನ್ನು ಹೊಟ್ಟೆಬಾಕತನ ಎಂದುಕೊಂಡಿದ್ದೆ. ಅಲ್ಲಿ ಯಾರದೋ ಅಂಗಡಿ ಉರಿಯುತ್ತಿದೆ, ಇಲ್ಲಿ ಇವರಿಗೆ ನಮ್ಮ ಮನೆಯ ಪಲ್ಯದ ಚಿಂತೆ. ಆಮೇಲೆ ಪೆದ್ದಪ್ಪ ಗುಟ್ಟು ಹೇಳಿದ. ಉಂಡದ್ದನ್ನು ಪಟ್ಟನೆ ಹೇಳಿದವನ ತಲೆ ಜಾಗದಲ್ಲಿದೆ, ಅವನು ಮುಂದೆ ಪೈಪು ಹಿಡಿಯಬೇಕು. ತಡವರಿಸಿದವನ ತಲೆ ಅವನಿಗಿಂತ ಮೊದಲೇ ಬೆಂಕಿಗೆ ಹೋಗಿ ಸೇರಿದೆ, ಅವನನ್ನು ಬಂಡಿಯ ಹತ್ತಿರ ಪಂಪಿಗೆ ನಿಲ್ಲಿಸಬೇಕು. ಬೈಗಳಿಲ್ಲ, ಅವಮಾನವಿಲ್ಲ. "ಪಂಪು ನೋಡ್ಕೋ ತಮ್ಮಾ" ಅಷ್ಟೇ. ನಾಳೆ ಅವನೇ ಮುಂದಿರಬಹುದು.

ಈ ಪರೀಕ್ಷೆಯಲ್ಲಿ ನಾನು ಒಂದು ಸಲವೂ ಫೇಲಾಗಿರಲಿಲ್ಲ. ಸ್ಟೇಷನ್ನಿನಲ್ಲಿ ನನಗೆ ಧೈರ್ಯವಂತ ಎಂಬ ಹೆಸರು ಬಂದದ್ದೇ ಇದರಿಂದ. ಕಾರಣ ಏನೆಂದರೆ, ಮದುವೆಯಿಲ್ಲದ ಬಾಡಿಗೆ ಕೋಣೆಯ ಬದುಕು ನನ್ನದು. ಬಸ್‌ಸ್ಟ್ಯಾಂಡಿನ ಮುಂದೆ ಜಮ್ಮುಲಮ್ಮನ ತಳ್ಳುಬಂಡಿಯಲ್ಲಿ ದಿನಾ ಬೆಳಿಗ್ಗೆ ಮೈಸೂರು ಬೋಂಡಾ ತಿನ್ನುತ್ತೇನೆ. ಮಂಗಳವಾರ ಆಕೆ ಬಂಡಿ ಹಾಕುವುದಿಲ್ಲ, ಗದ್ವಾಲದ ಹತ್ತಿರ ತನ್ನ ಹೆಸರಿನ ತಾಯಿಯ ಗುಡಿಗೆ ಹೋಗುತ್ತಾಳೆ. ಉಳಿದ ದಿನವೆಲ್ಲ ಬೋಂಡಾ. ಯಾವತ್ತೂ ಒಂದೇ ತಿಂದವನಿಗೆ ನೆನಪು ಮಾಡಿಕೊಳ್ಳುವ ತ್ರಾಸೇ ಇಲ್ಲ. ಮಂಡಿ ಒಂದಕ್ಕೊಂದು ಬಡಿಯುತ್ತಿದ್ದರೂ, ಆಶಪ್ಪಣ್ಣ ತಿರುಗಿ ಕೇಳಿದ ಕೂಡಲೇ ನನ್ನ ಬಾಯಿ ತಾನೇ "ಬೋಂಡಾ" ಅನ್ನುತ್ತಿತ್ತು. ಹೀಗಾಗಿ ತಂಡದಲ್ಲೇ ಪುಕ್ಕಲನಾದ ನಾನು ಪ್ರತಿಸಲ ಎಲ್ಲರಿಗಿಂತ ಮುಂದೆ ನಿಂತಿರುತ್ತಿದ್ದೆ.

ಅವರ ಇನ್ನೆರಡು ಪದ್ಧತಿಗಳನ್ನೂ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತವೆ.

ಮರಿಕಲ್ಲಿನ ರಸ್ತೆಯಲ್ಲಿ ಒಮ್ಮೆ ಹತ್ತಿ ತುಂಬಿದ ಲಾರಿಗೆ ಕಿಡಿ ತಾಗಿತ್ತು. ನಾವು ಹೋಗುವಷ್ಟರಲ್ಲಿ ಊರೆಲ್ಲ ನೆರೆದಿತ್ತು. ಲಾರಿಯ ಮಾಲಕ ಎದೆ ಬಡಿದುಕೊಳ್ಳುತ್ತ, ನಮ್ಮ ಪೈಪನ್ನು ಎಳೆಯುತ್ತ, ಯಾರಿಗೂ ಕೆಲಸ ಮಾಡಲು ಬಿಡುತ್ತಿರಲಿಲ್ಲ. ನಾನು ಅವನನ್ನು ತಳ್ಳಬೇಕೆಂದು ಹೊರಟೆ. ಆಶಪ್ಪಣ್ಣ ತಮ್ಮ ತಲೆಯ ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟರು.

"ಸಾವಕಾರ್ರ, ಇದನ್ನ ಹಿಡೀರಿ. ಸರಕಾರದ್ದೈತಿ, ಬೀಳಿಸಬ್ಯಾಡ್ರಿ."

ಆ ಮನುಷ್ಯ ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಕೂಸಿನಂತೆ ಹಿಡಿದು, ಬೆಂಕಿ ಆರುವವರೆಗೆ ತುಟಿ ಬಿಚ್ಚದೆ ನಿಂತಿದ್ದ. ಗದ್ದಲ ಮಾಡುವವರ ಕೈ ಖಾಲಿ ಇರಬಾರದು ಎನ್ನುವುದು ಆಶಪ್ಪಣ್ಣನ ಸಿದ್ಧಾಂತ.

ಇನ್ನೊಂದು, ಬೆಂಕಿಯ ಮುಂದೆ "ಯಾಕ" ಎನ್ನುವ ಮಾತಿಲ್ಲ. ಅಲ್ಲಿ ಹೇಳುವ ದನಿ ಒಂದೇ ಇರಬೇಕು, ಉಳಿದವರು ಹೇಳಿದ್ದು ಮಾಡಬೇಕು. "ಯಾಕ ಅನ್ನೂದು ಚಾ ಹೊತ್ತಿಗೆ." ಸ್ಟೇಷನ್ನಿಗೆ ಮರಳಿ ಚಹಾ ಬಂದ ಮೇಲೆ ಯಾರು ಬೇಕಾದರೂ ಅವರನ್ನು ಏನು ಬೇಕಾದರೂ ಕೇಳಬಹುದು, ತಪ್ಪು ಹಿಡಿಯಬಹುದು. ಒಮ್ಮೆ ನಾನೇ ಹಿಡಿದಿದ್ದೆ. "ಹೌದಲ್ಲೋ, ನಂದ ತಪ್ಪು" ಎಂದು ಬಿಸ್ಕತ್ತು ಅದ್ದಿ ತಿಂದರು.

ಹೋದ ವರ್ಷ ಗದ್ವಾಲದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಆಪತ್ತಿನಲ್ಲಿ ನಾಯಕತ್ವ ಎಂಬ ವಿಷಯ. ಹೇಳಿಕೊಡಲು ಬಂದ ಮೇಡಂ ಉಸಿರನ್ನು ಹೇಗೆ ಎಳೆಯಬೇಕು, ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಎಂದು ತೋರಿಸಿದರು. ನಾನು ಎಳೆದೆ, ಹಿಡಿದೆ, ಬಿಡುವುದನ್ನು ಮರೆತೆ. ಪೆದ್ದಪ್ಪ ಬೆನ್ನಿಗೆ ಗುದ್ದಿದ. ಆಶಪ್ಪಣ್ಣನಿಗೆ ಮಾತ್ರ ಆ ಪಾಠ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಉಸಿರು ಎಳೆಯುತ್ತ ಬಂದು, "ಆಯಮ್ಮ ಛಲೋ ಹೇಳಿದ್ಲು. ಮನಸು ಕುರಿ ಇದ್ದಂಗ, ಬೆದರಿತಂದ್ರ ಓಡ್ತೈತಿ. ಮೇಯಾಕ ಏನರ ಕೊಟ್ರ ನಿಂದರತೈತಿ" ಅಂದರು. ಪೆದ್ದಪ್ಪ, "ನಮ್ಮ ಮಾರ್ಕಂಡಗ ಬೋಂಡಾ ಕೊಟ್ರಾತು" ಅಂದ.

ಇಷ್ಟೆಲ್ಲ ಹೇಳಿದ್ದು ಕಳೆದ ಶ್ರಾವಣದ ಆ ಮಂಗಳವಾರಕ್ಕಾಗಿ.

ಮೇಲಿನ ಡ್ಯಾಮುಗಳು ತುಂಬಿ ಕೃಷ್ಣೆ ಬರುತ್ತಿದ್ದಳು. ಜೂರಾಲ ಡ್ಯಾಮಿನ ಗೇಟು ಎತ್ತುವುದಕ್ಕೆ ಮೊದಲು ಸೈರನ್ ಕೂಗಿತ್ತು, ಕೆಳಗಿನ ಊರುಗಳಲ್ಲಿ ಡಂಗುರ ಸಾರಿದ್ದರು. ಎಲ್ಲರೂ ಮೇಲೆ ಬಂದಿದ್ದರು, ಒಬ್ಬನನ್ನು ಬಿಟ್ಟು. ನದಿ ದಂಡೆಯ ಒಂದು ಹಳ್ಳಿಯ ಸರಪಂಚರು ಫೋನು ಮಾಡಿ, ಒಬ್ಬ ಕುರುಬ ಹಿಂಡಿನ ಸಂಗಡ ನಡುಗಡ್ಡೆಯ ಮೇಲೆ ಉಳಿದಿದ್ದಾನೆ, ಸುತ್ತ ನೀರು ಏರುತ್ತಿದೆ, ಕೂಗಿ ಕರೆದರೆ ಬರುವುದಿಲ್ಲ ಎಂದು ಕೈ ಆಡಿಸುತ್ತಿದ್ದಾನೆ ಎಂದರು. ಫೋನು ಹಿಡಿದಿದ್ದ ಆಶಪ್ಪಣ್ಣ ಆ ಕುರುಬನ ಹೆಸರು ಕೇಳಿದರು, ಊರು ಕೇಳಿದರು, ಫೋನು ಇಟ್ಟರು. ನಮ್ಮ ಸ್ಟೇಷನ್ ಆಫೀಸರು ಅವತ್ತು ನಾರಾಯಣಪೇಟೆಗೆ ಮೀಟಿಂಗಿಗೆ ಹೋಗಿದ್ದರು. ರಬ್ಬರ್ ಬೋಟು, ಹಗ್ಗ, ಜಾಕೀಟು, ಎರಡು ವೈರ್‌ಲೆಸ್ ಸೆಟ್ ಬಂಡಿಗೆ ಹಾಕಿಕೊಂಡು ನಾವು ಮೂವರು ಹೊರಟೆವು.

ಬಂಡಿ ಗೇಟು ದಾಟಿತು. ಆಶಪ್ಪಣ್ಣ ಹಿಂದಕ್ಕೆ ತಿರುಗಲಿಲ್ಲ.

ಮಕ್ತಲ ಬಿಟ್ಟು ಬಹಳ ದೂರ ಬಂದರೂ ತಿರುಗಲಿಲ್ಲ. ಪೆದ್ದಪ್ಪನಿಗೆ ತಡೆಯಲಾಗಲಿಲ್ಲ.

"ಏನ್ರೀ ಆಶಪ್ಪಣ್ಣ, ಇವತ್ತು ಪರೀಕ್ಷಾ ಇಲ್ಲೇನು? ನಾ ಓದ್ಕೊಂಡು ಬಂದೀನಿ. ಅನ್ನ, ಟಮಾಟಿ ಪಪ್ಪು, ಮ್ಯಾಲ ಮಜ್ಜಿಗಿ."

ಆಶಪ್ಪಣ್ಣ ನನ್ನ ಕಡೆ ನೋಡಿದರು.

"ಬೋಂಡಾ" ಅಂದೆ.

"ನೀವೇನು ಉಂಡ್ರಿ?" ಎಂದು ಪೆದ್ದಪ್ಪ ನಗುತ್ತಲೇ ಕೇಳಿದ. ಅವರಿಗೆ ಈ ಪ್ರಶ್ನೆ ಹಾಕುವ ಧೈರ್ಯ ಆ ತನಕ ಯಾರೂ ಮಾಡಿರಲಿಲ್ಲ.

ಆಶಪ್ಪಣ್ಣ ಬಾಯಿ ತೆರೆದರು. ಮುಚ್ಚಿದರು. ಗಾಜಿನ ಹೊರಗೆ ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಅವುಗಳಲ್ಲಿ ಎಲ್ಲೋ ತಮ್ಮ ಊಟ ಬಿದ್ದಿದೆ ಎಂಬಂತೆ ಹುಡುಕುತ್ತ ಕೂತರು.

"ನೆನಪಾಗವಲ್ದು" ಅಂದರು ಕೊನೆಗೆ. "ಗಡ್ಡಿ ಮ್ಯಾಲ ಇರಾಂವ ನಮ್ಮಣ್ಣ. ಆದೆಪ್ಪ."

ಆಶಪ್ಪಣ್ಣ ಕೊರಳಿನಿಂದ ಸೀಟಿ ತೆಗೆದು, ತಿರುಗಿ, ನನ್ನ ಕೊರಳಿಗೆ ಹಾಕಿದರು.

"ಇವತ್ತು ನಾ ಪಂಪಿನ ಹಂತೇಕ. ನೀ ಲೀಡರ್."

"ನಾನಾ?"

"ಪೆದ್ದಪ್ಪ ಬೋಟು ನಡಸ್ಬೇಕು. ಉಳದಾಂವ ನೀನ."

"ಬಂಡಿ ಬಾಜೂಕ ನಿಲ್ಲಿಸ್ಲೇನ್ರೀ?" ಎಂದ ಪೆದ್ದಪ್ಪ. "ಸ್ವಲ್ಪ ನಕ್ಕು ಬರ್ತೀನಿ."

ನನಗೆ ನಗು ಬರಲಿಲ್ಲ. ಇಷ್ಟು ದಿನ ತಿಂದ ಬೋಂಡಾಗಳೆಲ್ಲ ಸಾಲಾಗಿ ಎದ್ದು ಬಂದು ನನ್ನಿಂದ ಲೆಕ್ಕ ಕೇಳಿದಂತಾಯಿತು.

ದಂಡೆಯ ಮೇಲೆ ಹಳ್ಳಿಯ ಜನ ನೆರೆದಿದ್ದರು. ದಂಡೆಗೂ ನಡುಗಡ್ಡೆಗೂ ನಡುವೆ ನದಿಯ ಒಂದು ಸೀಳು. ಬೇಸಿಗೆಯಲ್ಲಿ ಕುರಿಗಳು ಅದನ್ನು ನಡೆದು ದಾಟುತ್ತವಂತೆ. ಈಗ ಕೆಂಪು ನೀರು ಬಂಡೆಗಳಿಗೆ ಬಡಿದು ಸೀಳುತ್ತ ಹೋಗುತ್ತಿತ್ತು. ಆಚೆ ಗಡ್ಡೆಯ ಮೇಲೆ ಬಿಳಿ ಕಪ್ಪು ಹಿಂಡು, ನಡುವೆ ಕಂಬಳಿ ಹೊದ್ದ ಒಂದು ಆಕಾರ. ಅದರಾಚೆ ದೊಡ್ಡ ಹೊಳೆ. ಅದರಾಚೆ ಗದ್ವಾಲದ ಕಡೆಯ ದಡ, ಅದು ಬೇರೆ ದೇಶದಂತೆ ಕಾಣುತ್ತಿತ್ತು.

ಆಶಪ್ಪಣ್ಣ ದಂಡೆಯಲ್ಲಿ ಅತ್ತಿಂದಿತ್ತ ಎರಡು ಸಲ ನಡೆದರು. ಅವರ ಕೈ ಖಾಲಿ ಇದೆ ಎಂದು ನನಗೆ ಆಗ ಹೊಳೆಯಿತು. ಬೋಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಬಂಡೆಗೆ ಸುತ್ತಿ ಅವರಿಗೇ ಕೊಟ್ಟೆ.

"ಇದನ್ನ ಹಿಡೀರಿ ಆಶಪ್ಪಣ್ಣ. ಸರಕಾರದ್ದೈತಿ."

ಅವರು ನನ್ನ ಮುಖ ನೋಡಿದರು. ಹಿಡಿದರು. ಸೊಂಟಕ್ಕೆ ವೈರ್‌ಲೆಸ್ ಸೆಟ್ ಸಿಕ್ಕಿಸಿಕೊಂಡು, ಕಾಲು ಊರಿ, ಕಂಬದಂತೆ ನಿಂತರು.

ಬೋಟಿನ ಪ್ರಯಾಣ ನಾನು ವರ್ಣಿಸುವುದಿಲ್ಲ. ಕಣ್ಣು ಮುಚ್ಚಿದ್ದೆ. ಪೆದ್ದಪ್ಪ ಮೋಟರು ಹಿಡಿದು, ಎಣ್ಣೆ ವಾಸನೆ ಬರುವುದನ್ನೆಲ್ಲ ತಾನು ಓಡಿಸಬಲ್ಲೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೋಟು ಗಡ್ಡೆಗೆ ತಾಗಿದಾಗ ಕಣ್ಣು ತೆರೆದೆ. ಮುಂದೆ ಒಬ್ಬ ಮುದುಕ, ಬಿಳಿ ಮೀಸೆ, ಕೈಯಲ್ಲಿ ಕೋಲು.

"ಯಾರಪಾ ನೀವು?"

"ಫೈರ್ ಸ್ಟೇಷನ್ನಿನವ್ರು ಕಾಕಾ. ಹತ್ರಿ ಜಲ್ದಿ."

ಆದೆಪ್ಪ ಸುತ್ತ ನೋಡಿದ. "ಬೆಂಕಿ ಎಲ್ಲೈತಿ?"

"ನೀರು ಬಂದೈತಲ್ರೀ."

"ನೀರು ಬಂದ್ರ ಬೆಂಕ್ಯವ್ರು ಯಾಕ ಬರಬೇಕು?"

ಬೆಳಿಗ್ಗೆ ಸೈರನ್ ಕೇಳಲಿಲ್ಲವೇ ಎಂದೆ. ಕೇಳಿತು, ಆದರೆ ಒಂದು ಕುರಿ ಈಯುತ್ತಿತ್ತು, ಈಯುವ ಕುರಿಯನ್ನು ನಡುವೆ ಎಬ್ಬಿಸಿ ನಡೆಸುವುದು ತಮ್ಮಲ್ಲಿ ಇಲ್ಲ ಎಂದ. ಈದ ಮೇಲೆ ನೋಡಿದರೆ ದಾರಿಯ ಮೇಲೆ ನೀರಿತ್ತು. ಮರಿ ಅವನ ಕಂಬಳಿಯೊಳಗಿಂದ ಮೂತಿ ಹೊರಗೆ ಹಾಕಿ ನನ್ನನ್ನು ನೋಡಿತು.

"ಈಗ ಬರ್ರಿ ಮತ್ತ."

"ಇಷ್ಟು ಜೀವ ಬಿಟ್ಟು ಬಂದು ನಮ್ಮ ದೇವ್ರು ಬೀರಪ್ಪಗ ಏನಂತ ಮುಖಾ ತೋರಿಸ್ಲಿ? ನೀವು ಹೋಗ್ರಿ." ಆಮೇಲೆ ನನ್ನ ಕೈ ನೋಡಿದ. "ಬಾಳ ನಡುಗಾಕತ್ತೀಯಲ್ಲೋ ತಮ್ಮಾ. ಏನು ಉಂಡು ಬಂದಿ?"

ಆದೆಪ್ಪ ನನ್ನ ಉತ್ತರಕ್ಕೆ ಕಾಯಲಿಲ್ಲ.

"ನಮ್ಮ ಆಶ್ಯಾ ಸಣ್ಣಾಂವ ಇದ್ದಾಗ ತೋಳ ಬಂತಂದ್ರ ಹಿಂಗ ನಡುಗ್ತಿದ್ದ. ಏನು ಉಂಡೀಯೋ ಅಂತ ಕೇಳ್ತಿದ್ದೆ. ನೆನಪು ಮಾಡ್ಕೊಳ್ಳಾಕ ಹೋಗಿ ನಡುಗೋದು ಮರೀತಿದ್ದ."

ಅಂದರೆ ಅದು ಪರೀಕ್ಷೆಯಾಗಿ ಹುಟ್ಟಿದ್ದಲ್ಲ, ಮದ್ದಾಗಿ ಹುಟ್ಟಿದ್ದು. ಆಶಪ್ಪಣ್ಣ ಅದನ್ನು ಮಿಲಿಟರಿಗೆ ಒಯ್ದಿದ್ದರು, ಹಿಮದಿಂದ ಬೆಂಕಿಗೆ ತಂದಿದ್ದರು. ಇದನ್ನೆಲ್ಲ ನಿಧಾನವಾಗಿ ಯೋಚಿಸಲು ಅದು ಸರಿಯಾದ ಜಾಗವಾಗಿರಲಿಲ್ಲ. ನೀರಿನ ಅಂಚಿನಲ್ಲಿ ಆದೆಪ್ಪ ಗುರುತಿಗೆ ನೆಟ್ಟಿದ್ದ ಕಡ್ಡಿ ಆಗಲೇ ಮುಳುಗಿತ್ತು.

"ಮಾರ್ಕಂಡ" ಎಂದ ಪೆದ್ದಪ್ಪ ಮೆಲ್ಲಗೆ. ಅವನ ದನಿಯಲ್ಲಿ ನಗುವಿರಲಿಲ್ಲ. "ಇನ್ನ ಸ್ವಲ್ಪ ಏರಿದ್ರ ಈ ಬೋಟು ಈ ಸೀಳು ದಾಟೂದಿಲ್ಲ. ಒಯ್ಯೋದಿದ್ರ ಈಗ ಒಯ್ಯಬೇಕು."

ಆಗ ನನಗೆ ಒಂದು ಮಹಾ ಉಪಾಯ ಹೊಳೆಯಿತು. ಹಿಂಡಿನ ಮುಂದೆ ಕೊರಳಿಗೆ ಗಂಟೆ ಕಟ್ಟಿದ ಒಂದು ದೊಡ್ಡ ಹೋತವಿತ್ತು. ಕುರಿ ಹಿಂಡಿಗೆ ದಾರಿ ತೋರಲು ಹೀಗೊಂದು ಗಂಡಾಡು ಇಟ್ಟಿರುತ್ತಾರೆ, ಕುರಿಗಳು ಅದರ ಗಂಟೆಯ ಹಿಂದೆ ಹೋಗುತ್ತವೆ. ಮುದುಕನಿಗೆ ಅದರ ಮೇಲೆ ಪ್ರೀತಿ ಇರಲೇಬೇಕು. ಹೋತವನ್ನು ಬೋಟಿಗೆ ಹಾಕಿದರೆ ಮುದುಕ ತಾನೇ ಹಿಂದೆ ಬರುತ್ತಾನೆ. ಹೋತದ ಕೊಂಬು ಹಿಡಿದು ಎಳೆದು ಬೋಟಿಗೆ ಹಾಕಿ ನಾನೂ ಹತ್ತಿದೆ.

ಮುದುಕ ಬರಲಿಲ್ಲ. ಬಂದದ್ದು ಕುರಿಗಳು.

ಹೋತ ತಲೆ ಕೊಡವಿತು, ಗಂಟೆ ಢಣ್ ಎಂದಿತು, ಇಡೀ ಹಿಂಡು ಒಂದೇ ಮನಸ್ಸಿನಿಂದ ನೀರಿಗೆ ಇಳಿಯತೊಡಗಿತು. ಅವುಗಳನ್ನು ತಡೆಯಲು ಆದೆಪ್ಪನೂ ನೀರಿಗೆ ಇಳಿದ. ನಾನು ಸೀಟಿ ಊದಿದೆ. ಅದಕ್ಕೆ ಹೋತ ಬೆದರಿ ಇನ್ನೂ ಜೋರಾಗಿ ಗಂಟೆ ಬಾರಿಸಿತು. ಅಷ್ಟರಲ್ಲಿ ನನ್ನ ಸೊಂಟದ ಸೆಟ್ ಗೊರಗುಟ್ಟಿತು. ಆಶಪ್ಪಣ್ಣನ ದನಿ, ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗೆ.

"ಲೀಡರ್, ಒಂದು ಮಾತು ಹೇಳ್ಲೇನು?"

ಒಡಹುಟ್ಟಿದವನು ಮೊಣಕಾಲು ನೀರಿನಲ್ಲಿರುವಾಗ ಈ ಮನುಷ್ಯ ನನ್ನ ಅಪ್ಪಣೆ ಕೇಳುತ್ತಿದ್ದರು.

"ಹೇಳ್ರೀ, ಹೇಳ್ರೀ."

"ಗಂಟಿ ಬಾಯಿ ಮುಚ್ಚು."

ಒಂದು ಬೂಟು ಕಿತ್ತು, ಒದ್ದೆ ಕಾಲುಚೀಲ ತೆಗೆದು, ಮುದ್ದೆ ಮಾಡಿ ಗಂಟೆಯೊಳಗೆ ತುರುಕಿದೆ. ಸದ್ದು ನಿಂತಿತು. ಹೊಟ್ಟೆಯ ತನಕ ನೀರಿಗೆ ಇಳಿದಿದ್ದ ಕುರಿಗಳು ನಿಂತವು, ಒಂದರ ಮುಖ ಒಂದು ನೋಡಿದವು. ಆದೆಪ್ಪ ನಾಲಿಗೆಯಲ್ಲಿ ಟುರ್‍ರ್ ಎಂದು ಕರೆದ, ಎಲ್ಲವೂ ತಿರುಗಿ ಗಡ್ಡೆ ಹತ್ತಿದವು. ನಾನು ಹೋತವನ್ನು ಕೆಳಗಿಳಿಸಿದೆ. ಕಾಲುಚೀಲದ ವಾಸನೆಗೆ ಅದು ನನ್ನನ್ನು ನೋಡಿದ ರೀತಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಹೌಲಾ ಅದೀಯೇನಲೇ?" ಎಂದ ಆದೆಪ್ಪ. ಹೌಲಾ ಅಂದರೆ ನಮ್ಮ ಕಡೆ ಬುದ್ಧಿ ನೆಟ್ಟಗಿಲ್ಲದವನು. ಇಲ್ಲ ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ.

ಪೆದ್ದಪ್ಪ ಮೋಟರಿನ ಮೇಲೆ ಕೈಯಿಟ್ಟು ನನ್ನನ್ನು ನೋಡುತ್ತಿದ್ದ. ನಾನು ದಂಡೆಯ ಕಡೆ ನೋಡಿದೆ. ಅಲ್ಲಿ ಆಶಪ್ಪಣ್ಣ ಹಗ್ಗ ಹಿಡಿದು ನಿಂತಿದ್ದರು. ಈ ಮುದುಕ ಕುರಿಗಾಗಿ ಸಾಯಲು ತಯಾರಿದ್ದಾನೆ. ಕುರಿಗಿಂತ ಹೆಚ್ಚು ಅವನಿಗೆ ಏನಿರಬಹುದು? ರೈಲು ಹತ್ತಿಸಲು ಹಿಂಡು ಸಮೇತ ಬಂದವನ ಕತೆ ನೆನಪಾಯಿತು. ಮೋಟರಿನ ಮರೆಗೆ ಬಗ್ಗಿ ಸೆಟ್ಟನ್ನು ಬಾಯಿಗೆ ಹಿಡಿದೆ.

"ಆಶಪ್ಪಣ್ಣ, ಮಲಗ್ರಿ."

"ಎಲ್ಲಿ?"

"ನಿಂತಲ್ಲೇ. ಹಗ್ಗ ಬಿಡಬ್ಯಾಡ್ರಿ."

ಯಾಕ ಎಂದು ಅವರು ಕೇಳಲಿಲ್ಲ. ಅಷ್ಟೂ ಜನರ ನಡುವೆ, ಇಸ್ತ್ರಿ ಮಾಡಿದ ಖಾಕಿಯಲ್ಲಿ, ಆಶಪ್ಪಣ್ಣ ಕೆಸರಿನಲ್ಲಿ ಉದ್ದಕ್ಕೆ ಮಲಗಿದರು. ಹಗ್ಗ ಎದೆಯ ಮೇಲೆ. ಸಂಗತಿ ತಿಳಿಯದ ಹಳ್ಳಿಯ ಜನ ಗಾಬರಿಯಾಗಿ ಓಡಿ ಬಂದು ಸುತ್ತುಗಟ್ಟಿದರು. ಸರಪಂಚರು ಟವೆಲಿನಿಂದ ಗಾಳಿ ಹಾಕತೊಡಗಿದರು. ಯಾರೋ ಕೊಡೆ ಬಿಚ್ಚಿದರು. ಒಬ್ಬ ಹೆಣ್ಣುಮಗಳು ದನಿ ತೆಗೆದು ಅತ್ತಳು. ನಾನು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು.

ಆದೆಪ್ಪನ ಕಡೆ ತಿರುಗಿದೆ. ಕೈ ಬೆನ್ನಿಗೆ ಕಟ್ಟಿಕೊಂಡೆ.

"ಕಾಕಾ, ಹೇಳಬಾರದಂತ ಇದ್ದೆ. ಹಗ್ಗ ಹಿಡಿದಾಂವ ಯಾರು ಗೊತ್ತೇನು? ನಿಮ್ಮ ತಮ್ಮ. ನಿಮ್ಮ ಚಿಂತಿ ಹಚ್ಕೊಂಡು ಎದಿ ನೋವು ಬಂದೈತಿ. ನೋಡ್ರಿ, ಬಿದ್ದಾನ."

ಆದೆಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಕೊಡೆ ಕಂಡಿತು, ಗಾಳಿ ಹಾಕುವುದು ಕಂಡಿತು, ಅಳು ನೀರಿನ ಮೇಲೆ ತೇಲಿ ಬಂತು. ಹೋತವನ್ನು ಗಡ್ಡೆಯ ನೆತ್ತಿಗೆ ಎಳೆದೊಯ್ದು ಜಾಲಿ ಗಿಡಕ್ಕೆ ಕಟ್ಟಿದ. ನನ್ನ ಕಾಲುಚೀಲ ಕಿತ್ತೆಸೆದ. ಗಂಟೆ ನೆತ್ತಿಯ ಮೇಲೆ ಮೊಳಗಿತು, ಹಿಂಡು ಅದರ ಸುತ್ತ ಹೋಗಿ ನಿಂತಿತು. ಅದರ ಬೆನ್ನು ಸವರಿ, "ಇಳೀಬ್ಯಾಡಪ್ಪಾ, ಬರ್ತೀನಿ" ಎಂದು ಹೇಳಿ, ಎಳೆ ಮರಿಯ ಸಮೇತ ಬಂದು ಬೋಟಿನಲ್ಲಿ ಕೂತ. ದಾರಿಯುದ್ದಕ್ಕೂ ಬೋಟು ಮುಂದೆ ಹೋಗಲಿ ಎಂದು ಅಂಗೈಯಿಂದ ನೀರು ದೂಡುತ್ತಿದ್ದ.

ದಂಡೆಗೆ ತಾಗುವುದಕ್ಕೆ ಮೊದಲೇ ಹಾರಿದ. ಜನರನ್ನು ಸೀಳಿಕೊಂಡು ಹೋಗಿ ತಮ್ಮನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ.

"ಆಶ್ಯಾ. ಏ ಆಶ್ಯಾ. ಇಲ್ಲಿ ನೋಡಿಲ್ಲಿ. ಏನು ಉಂಡೀಯೋ? ಹೇಳು, ಏನು ಉಂಡಿ?"

ಆಶಪ್ಪಣ್ಣ ಕಣ್ಣು ಮುಚ್ಚಿಯೇ ಇದ್ದರು. ತುಟಿ ಅಲುಗಿತು.

"ಜ್ವಾಳದ ರೊಟ್ಟಿ" ಅಂದರು. "ಪುಂಡಿಪಲ್ಯ. ಶೇಂಗಾ ಹಿಂಡಿ."

ಅಣ್ಣ ಉಸಿರು ಬಿಟ್ಟ. ತಮ್ಮ ಒಂದು ಕಣ್ಣು ತೆರೆದು, ಅಣ್ಣನ ಭುಜದ ಮೇಲಿಂದ ನನ್ನನ್ನು ಹುಡುಕಿದರು.

"ಲೀಡರ್, ಇನ್ನ ಏಳ್ಲೇನು?"

ಆದೆಪ್ಪನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೋಲು ಹುಡುಕಿದ. ಸರಕಾರಿ ಓಟದ ಪರೀಕ್ಷೆಯನ್ನು ನಾನು ಅವತ್ತು ಎರಡನೇ ಸಲ ಪಾಸು ಮಾಡಿದೆ, ಒಂದೇ ಬೂಟಿನಲ್ಲಿ.

ನೀರು ಗಡ್ಡೆಯ ನೆತ್ತಿ ಮುಟ್ಟಲಿಲ್ಲ, ಬಹಳ ಹತ್ತಿರಕ್ಕೆ ಬಂದಿತ್ತು. ಮರುದಿನ ಇಳಿದ ಮೇಲೆ ಹಿಂಡು ದಾಟಿ ಬಂತು. ಅಂಚಿನಲ್ಲಿದ್ದ ಕೆಲವು ಮರಿಗಳು ಹೋಗಿದ್ದವು. ಅವುಗಳಿಗಾಗಿ ಆದೆಪ್ಪ ದಂಡೆಯಲ್ಲಿ ಕೂತು ಅತ್ತ, ಆಶಪ್ಪಣ್ಣ ಪಕ್ಕದಲ್ಲಿ ಕೂತಿದ್ದರು. ನಾನು ದೂರದಲ್ಲಿ ನಿಂತಿದ್ದೆ. ಅವನು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ಗೊತ್ತಿಲ್ಲ. ಆ ಹೋತಕ್ಕೆ ಮಾರ್ಕಂಡ ಎಂದು ಹೆಸರಿಟ್ಟಿದ್ದಾನೆ. ಗೌರವವೋ ಸೇಡೋ ಕೇಳಲು ಹೋಗಿಲ್ಲ.

ಅದೇ ಬುಧವಾರ ಸಂಜೆ ಸ್ಟೇಷನ್ನಿನಲ್ಲಿ ಚಹಾ ಬಂತು. ಯಾಕ ಅನ್ನುವ ಹೊತ್ತು.

"ಆಶಪ್ಪಣ್ಣ, ನನಗ್ಯಾಕ ಸೀಟಿ ಹಾಕಿದ್ರಿ? ಹೊಳಿ ಕಂಡ್ರ ನಾ ಕಣ್ಣು ಮುಚ್ಚಾಂವ. ನೀವು ಮನಸು ಗಟ್ಟಿ ಮಾಡಿದ್ರ ನೀವ ಹೋಗಬಹುದಿತ್ತು."

"ನಾ ಹೋಗಿದ್ರ ಅಣ್ಣನ ಸಂಗಟ ಗಡ್ಡಿ ಮ್ಯಾಲ ಕುಂಡ್ರುತಿದ್ದೆ. ಕುರಿ ಬಿಟ್ಟು ಬಾ ಅನ್ನಾಕ ನನ್ನ ಬಾಯಿಗೆ ಬರತಿದ್ದಿಲ್ಲ." ಬಿಸ್ಕತ್ತು ಅದ್ದಿದರು. "ನಿನ್ನೆ ಬಂಡ್ಯಾಗ ಏನು ಉಂಡಿ ಅಂತ ಹೇಳಿದಿ?"

"ಬೋಂಡಾ."

"ನಿನ್ನೆ ಯಾವ ವಾರ?"

ನಾನು ಚಹಾದ ಲೋಟ ನೋಡಿದೆ.

"ಜಮ್ಮುಲಮ್ಮ ಮಂಗಳವಾರ ಬಂಡಿ ಹಾಕೂದಿಲ್ಲ. ನೀ ಬಂದಾಗಿಂದ ಎಲ್ಲಾ ಮಂಗಳವಾರ ಬೋಂಡಾ ಬೋಂಡಾ ಅನ್ನಾಕತ್ತೀದಿ. ಹೊಟ್ಯಾಗ ಏನೂ ಇಲ್ಲ, ಮಣಕಾಲು ಬಡದಾಡ್ತಾವ, ದನಿ ಮಾತ್ರ ಒಂದು ಸಲನೂ ನಡುಗಿಲ್ಲ." ಬಿಸ್ಕತ್ತು ಬಾಯಿಗೆ ಹಾಕಿಕೊಂಡರು. "ನಮ್ಮಣ್ಣಗ ಖರೇ ಹೇಳಿದ್ರ ಬರಾಂವಲ್ಲ ಅಂತ ಗೊತ್ತಿತ್ತು. ನಂಗ ಅಂಥಾ ದನಿ ಬೇಕಾಗಿತ್ತು."

ಪೆದ್ದಪ್ಪ ಚಹಾ ಮೂಗಿಗೆ ಏರಿಸಿಕೊಂಡು ಕೆಮ್ಮುತ್ತ ಹೊರಗೆ ಹೋದ.

ಅಂದಿನಿಂದ ಮಂಗಳವಾರ ಆಶಪ್ಪಣ್ಣ ಮನೆಯಿಂದ ಎರಡು ಡಬ್ಬಿ ತರುತ್ತಾರೆ. ಅವರ ಹೆಂಡತಿ ಭಾಗ್ಯಜ್ಯೋತಿ ಅಕ್ಕ ಎರಡನೆಯದನ್ನು ನನಗೆಂದೇ ಕಟ್ಟುತ್ತಾರೆ, ಅದರಲ್ಲಿ ಪ್ರತಿವಾರ ಹೊಸದೊಂದು ಪಲ್ಯ. ರುಚಿಗೇನೂ ಕೊರತೆಯಿಲ್ಲ, ನನ್ನ ಧೈರ್ಯಕ್ಕೆ ಮಾತ್ರ ಅದರಿಂದ ಕೊಡಲಿಪೆಟ್ಟು ಬಿದ್ದಿದೆ. ಹೋದ ಮಂಗಳವಾರ ಒಂದು ಹೋಟೆಲಿನ ಗ್ಯಾಸ್ ಸಿಲಿಂಡರಿಗೆ ಬೆಂಕಿ ಎಂದು ಫೋನು ಬಂತು. ಬಂಡಿ ಗೇಟು ದಾಟಿತು. ಆಶಪ್ಪಣ್ಣ ಹಿಂದಕ್ಕೆ ತಿರುಗಿದರು. ಬದನೆಕಾಯಿಯೋ, ಹೀರೇಕಾಯಿಯೋ, ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಪಂಪು ನೋಡ್ಕೋ ತಮ್ಮಾ" ಅಂದರು.